ಕಿಟಕಿ ಹಿಡಿದ ಹೆನ್ನಿಂಗ್

ಹಬೆ ಹೋಗಲಿ ಅಂತ ಹೆನ್ನಿಂಗ್ ಬಟ್ಟೆ ಒಗೆಯುವ ಕೋಣೆಯ ಕಿಟಕಿ ತೆರೆದದ್ದೇ ಎಡವಟ್ಟಾಯಿತು. ಹಬೆ ಹೋಗುವ ಮೊದಲೇ ಹಳದಿ ಎದೆಯ ಪುಟ್ಟ ಹಕ್ಕಿಯೊಂದು ಒಳಗೆ ನುಗ್ಗಿ, ಗೋಡೆಗೂ ದೀಪಕ್ಕೂ ಡಿಕ್ಕಿ ಹೊಡೆಯತೊಡಗಿತು. ಹಿಡಿಯಲು ಹೋದ ಹೆನ್ನಿಂಗ್ ಸೋಪಿನ ಡಬ್ಬಿಯನ್ನು ತಲೆಮೇಲೆ ಸುರಿದುಕೊಂಡ.

ಉಪ್ಸಾಲಾ ಊರಿನ ಆ ಕಟ್ಟಡಕ್ಕೆಲ್ಲ ನೆಲಮಾಳಿಗೆಯ ಆ ಕೋಣೆ ಒಂದೇ. ಆ ಊರಲ್ಲಿ ಕಾರಣವಿಲ್ಲದೆ ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡಬಾರದಲ್ಲ. ಹೆಂಡತಿ ಬ್ರಿಟಾ ತೀರಿಕೊಂಡ ಮೇಲೆ ಹೆನ್ನಿಂಗ್‌ನ ಮನೆಗೆ ಬಂದವನು ಹೀಟರ್ ರಿಪೇರಿಯವನೊಬ್ಬನೇ. ಆದರೂ ಪ್ರತಿ ಭಾನುವಾರ ಬ್ರಿಟಾಳ ಅಳತೆಯಲ್ಲೇ ದಾಲ್ಚಿನ್ನಿ ಬನ್ನು ಬೇಯಿಸಿ, ತಿನ್ನುವವರಿಲ್ಲದೆ ಒಣಗಿದ ಮೇಲೆ ಎಸೆಯುತ್ತಿದ್ದ. ಈ ಭಾನುವಾರ ಬಾಗಿಲು ಬಡಿಯಲು ಕಾರಣ ಸಿಕ್ಕಿತ್ತು. ಸೋಪಿನಪುಡಿ ಉದುರಿಸಿಕೊಂಡೇ ಮೆಟ್ಟಿಲು ಹತ್ತಿ ಓಡಿದ.

ಜನ ಸೇರಿತು. ಟವೆಲ್ ಎಸೀರಿ ಅಂದರು, ರೊಟ್ಟಿ ತೋರಿಸಿ ಅಂದರು. ನೆರೆಮನೆಯ ರಾಗ್ನಾರ್ ಮಾತ್ರ, ಹಕ್ಕಿ ಇರಲಿ ಬಿಡಲಿ ಈಗ ತನ್ನ ಸರದಿ ಅಂತ ಬಟ್ಟೆ ತುಂಬಿ ಯಂತ್ರ ಶುರು ಮಾಡಿದ. ಕೊನೆಗೆ ಕೆಳಮನೆಯ ಗುನ್ವೋರ್ ತೀರ್ಪು ಕೊಟ್ಟಳು. "ದೀಪ ಆರ್ಸಿ, ಬಾಗ್ಲು ಹಾಕಿ, ಎಲ್ರೂ ಹೊರಡಿ. ಸುಮ್ನೆ ಬಿಟ್ರೆ ಬೆಳಕು ನೋಡ್ಕೊಂಡು ತಾನಾಗೇ ಹೋಗುತ್ತೆ."

ಆದರೆ ಕಿಟಕಿಯ ಕೊಕ್ಕೆ ಮುರಿದಿತ್ತು. ಯಾರಾದರೂ ಹಿಡಿದು ನಿಲ್ಲಬೇಕು.

"ಹೆನ್ನಿಂಗ್, ನೀವೇ ಹಿಡ್ಕೊಳ್ಳಿ" ಅಂದಳು ಗುನ್ವೋರ್. ಇವಳಿಗೆ ತನ್ನ ಹೆಸರು ಗೊತ್ತು! ಆ ಖುಷಿಯಲ್ಲಿ ಅವನು ಬೀಗದ ಕೈ ಗೊಂಚಲನ್ನೇ ಅವಳ ಕೈಗಿಟ್ಟು, ಎಲ್ಲರೂ ತನ್ನ ಮನೆಗೆ ಹೋಗಿ ಕಾಫಿಗಿಡಿ, ಬನ್ನೂ ಇದೆ, ಈಗ ಬಂದೆ ಅಂದ.

ಹಕ್ಕಿ ಪಾಪ, ಐದೇ ನಿಮಿಷದಲ್ಲಿ ಹಾರಿಹೋಯಿತು. ಹೆನ್ನಿಂಗ್ ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಬಂದ. ಬಾಗಿಲಿನ ಒಳಗಡೆಯ ಹಿಡಿ ಬೇಸಿಗೆಯಲ್ಲೇ ಕಳಚಿ ಬಿದ್ದಿತ್ತು. ಒಳಗಿಂದಲೂ ಬೀಗದ ಕೈ ಬೇಕು. ಅದು ಗೊಂಚಲಿನಲ್ಲಿತ್ತು, ಗೊಂಚಲು ಮೇಲಿತ್ತು.

ಬಾಗಿಲು ಬಡಿದ. ಹೊರಗೆ ಗುನ್ವೋರಳ ಹೆಜ್ಜೆ ಸದ್ದಾಯಿತು. "ನಾನು, ನಾನು!" ಅಂತ ಕೂಗುವುದಕ್ಕೂ ರಾಗ್ನಾರನ ಯಂತ್ರ ಗರಗರನೆ ಬಟ್ಟೆ ಹಿಂಡುವುದಕ್ಕೂ ಸರಿಹೋಯಿತು.

"ಇನ್ನೂ ರೆಕ್ಕೆ ಬಡೀತಿದೆ. ತೆಗೀಬೇಡಿ, ಹೆದರ್ಕೊಳ್ಳುತ್ತೆ" ಅಂತ ಯಾರಿಗೋ ಹೇಳಿ ಹೊರಟೇಹೋದಳು.

ಆ ಕಿಟಕಿಯಲ್ಲಿ ಹಕ್ಕಿ ತೂರಬಹುದು, ಹೆನ್ನಿಂಗ್ ತೂರುವಂತಿಲ್ಲ. ತಲೆ ಹಾಕಿ ನೋಡಿದ. ಅಂಗಳದಾಚೆ, ಕಟ್ಟಡದ ಇನ್ನೊಂದು ಮಗ್ಗುಲಲ್ಲಿ ಅವನ ಅಡುಗೆಮನೆಯ ದೀಪ ಉರಿಯುತ್ತಿತ್ತು. ಕಿಟಕಿ ಪಕ್ಕದ ಬ್ರಿಟಾಳ ಕುರ್ಚಿಯಲ್ಲಿ ಗುನ್ವೋರ್ ಕೂತಿದ್ದಳು. ರಾಗ್ನಾರ್ ಏನೋ ಹೇಳಿದ, ಎಲ್ಲರೂ ನಕ್ಕರು. ತನ್ನ ಮನೆಯಲ್ಲಿ ಜನ ನಗುವುದನ್ನು ನೋಡಿ ಅವನ ಕಣ್ಣು ತುಂಬಿತು. ಕೂಗಿದ, ಚಳಿಗೆ ಬಿಗಿದ ಜೋಡಿ ಗಾಜು ದಾಟಿ ಅವನ ದನಿ ಹೋಗಲಿಲ್ಲ.

ಕತ್ತಲಾದ ಮೇಲೆ ರಾಗ್ನಾರ್ ಬಟ್ಟೆಗೆಂದು ಬಂದು ಬಾಗಿಲು ತೆಗೆದ.

"ಹಕ್ಕಿ ಹೋಯ್ತಾ?"

"ಆಗ್ಲೇ ಹೋಯ್ತು."

"ಮತ್ತೆ ಕಾಫಿಗೆ ಯಾಕ್ ಬರ್ಲಿಲ್ಲ? ಗುನ್ವೋರ್ ಅಂದಿದ್ದು ಸರಿ. ನಿಮಗೆ ಒಬ್ರೇ ಇರೋದೇ ಇಷ್ಟ. ಇನ್ಮೇಲೆ ತೊಂದ್ರೆ ಕೊಡಲ್ಲ ಬಿಡಿ."

ಹಿಡಿಯಿಲ್ಲದ ಬಾಗಿಲೊಳಗೆ ನಿಂತು ಬೀಗದ ಕೈ ಕೊಟ್ಟು ಒಳಗೇ ಸಿಕ್ಕಿಕೊಂಡೆ ಅನ್ನಲು ಹೆನ್ನಿಂಗ್‌ಗೆ ನಾಚಿಕೆಯಾಯಿತು. ಅದೆಲ್ಲಿದೆ ಅಂತಷ್ಟೇ ಕೇಳಿದ.

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಗುನ್ವೋರ್ ನಿಮ್ಮನೆ ಬಾಗ್ಲನ್ನ ಬೀಗ ಬೀಳೋ ಹಾಗೆ ಎಳೆದು, ಕಾಗದ ಹಾಕೋ ಕಿಂಡೀಲಿ ಒಳಗೆ ಹಾಕಿದ್ಲು."

ಮೇಲೆ ಹೋಗಿ ಮಂಡಿಯೂರಿ ಕಿಂಡಿಯಲ್ಲಿ ಇಣುಕಿದ. ಗೊಂಚಲು ಚಾಪೆಯ ಮೇಲಿತ್ತು. ಅಡುಗೆಮನೆಯಲ್ಲಿ ಕಪ್ಪುಗಳನ್ನು ಯಾರೋ ತೊಳೆದು ಕವುಚಿಟ್ಟಿದ್ದರು. ತಟ್ಟೆಯಲ್ಲಿ ಒಂದು ಬನ್ನೂ ಉಳಿದಿರಲಿಲ್ಲ. ಎಸೆಯಲು ಏನೂ ಇಲ್ಲದ ಮೊದಲ ಭಾನುವಾರ. ಆ ಸಂತೋಷದಲ್ಲೇ ಕೈ ತೂರಿಸಿ ತಡಕಿದ, ಎಟುಕಲಿಲ್ಲ.

ಕೆಳಗೆ ಗುನ್ವೋರಳ ಬಾಗಿಲು ತೆರೆದ ಸದ್ದು. ಮೇಲೆ ಏನೋ ಪರಚುತ್ತಿದೆಯಲ್ಲ ಅಂತ ರಾಗ್ನಾರ್ ಕೇಳುತ್ತಿದ್ದ.

"ಹೆನ್ನಿಂಗ್ ಇರ್ಬೇಕು" ಅಂದಳು ಗುನ್ವೋರ್. "ದೀಪ ಆರ್ಸಿ ಬನ್ನಿ. ಸುಮ್ನೆ ಬಿಟ್ರೆ ತಾನಾಗೇ ಹೋಗ್ತಾನೆ."

ಹೆನ್ನಿಂಗ್ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿನ ದೀಪ ಆರಿತು.