ಗುಟ್ಟಿನ ಮಾತು ಮತ್ತು ಒಂದು ಟವೆಲ್

ಈ ರಜೆಯಲ್ಲಿ ಹ್ಯಾಕರ್ ಅಲ್ಲ, ಹ್ಯಾಕರನ ಮುತ್ತಾತ ಬಂದರೂ ನನ್ನ ಮೊಬೈಲನ್ನು ಮುಟ್ಟಲಾರ ಎಂದು ಹೊರಡುವ ಹಿಂದಿನ ದಿನವೇ ಘೋಷಿಸಿಬಿಟ್ಟೆ! ಹೇಳಿಕೇಳಿ ಇಪ್ಪತ್ತು ವರ್ಷದಿಂದ ಕಚೇರಿಯ ದಾಖಲೆ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವನು ನಾನು. ನನ್ನ ಅಪ್ಪಣೆಯಿಲ್ಲದೆ ಅಲ್ಲಿ ಜಿರಲೆಯೂ ಫೈಲು ತೆರೆಯುವುದಿಲ್ಲ. ಅಂಗೈಯಗಲದ ಫೋನು ಕಾಯುವುದು ಯಾವ ಮಹಾ!

"ರೀ, ನಾವು ಹೋಗ್ತಿರೋದು ಸಮುದ್ರ ನೋಡೋಕೆ, ಯುದ್ಧಕ್ಕಲ್ಲ" ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

"ಎಲ್ಲರೂ ಮೈಮರೆಯೋದು ಅಲ್ಲೇ ಕಣೇ!"

ಲಾಡ್ಜಿನ ವೈಫೈ ಮುಟ್ಟಬಾರದು. ಸಿಕ್ಕಸಿಕ್ಕ ಕಡೆ ಚಾರ್ಜಿಗೆ ಹಾಕಬಾರದು. ಬ್ಲೂಟೂತ್ ಬಂದ್. ಪಾಸ್‌ವರ್ಡಿಗೆ ಹದಿನಾರು ಅಕ್ಷರ. ಅದನ್ನು ಒತ್ತಿ ಮುಗಿಸುವಷ್ಟರಲ್ಲಿ ಫೋನ್ ತೆಗೆದದ್ದು ಯಾಕೆಂದೇ ನನಗೆ ಮರೆತುಹೋಗುತ್ತಿತ್ತು.

"ಇನ್ನು ನಿನ್ನ ಫೋನು. ಗೊತ್ತಿಲ್ಲದ ನಂಬರಿಂದ ನಾನೇ ಮಾತಾಡಿದ್ರೂ ನಂಬಬೇಡ. ಈಗಿನ ಕಳ್ಳರು ದನಿಯನ್ನೂ ಕದೀತಾರೆ!"

"ಮತ್ತೆ ನೀವೇ ಅಂತ ಗೊತ್ತಾಗೋದು ಹೇಗೆ?"

"ಗುಟ್ಟಿನ ಮಾತು ಕೇಳು. ಹೇಳದಿದ್ರೆ ಫೋನ್ ಇಟ್ಟುಬಿಡು. ಅತ್ತರೂ ಕರಗಬೇಡ! ದಿನಕ್ಕೊಂದು ಹೊಸ ಗುಟ್ಟಿನ ಮಾತು ಮಾಡಿ ಬೆಳಿಗ್ಗೆ ನನಗೆ ಹೇಳೋದು ನಿನ್ನ ಜವಾಬ್ದಾರಿ."

"ನಾನು ಹೇಳಿದ್ದನ್ನ ನೀವು ಕೇಳಿಸ್ಕೋತೀರಾ?"

"ದೇವರು ಕಿವಿ ಕೊಟ್ಟಿರೋದ್ಯಾಕೆ?" ಎಂದು ಗುಡುಗಿದೆ.

ಲಾಡ್ಜಿನಲ್ಲಿ ರಿಜಿಸ್ಟರು ಮುಂದೆ ತಳ್ಳಿದರೆ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಹೆಸರು, ನನ್ನ ನಂಬರು ಕಂಡವರ ಪುಸ್ತಕದಲ್ಲಿ? ಸಾಧ್ಯವೇ ಇಲ್ಲ! ಹೆಂಡತಿ ನಿಟ್ಟುಸಿರು ಬಿಟ್ಟು ತನ್ನ ಹೆಸರು ಬರೆದಳು.

ಆ ಊರಿಗೆ ನಾವು ಹೋದದ್ದೇ ಡಾಲ್ಫಿನ್ ತೋರಿಸುವ ಬೋಟಿಗಾಗಿ. ದಿನಕ್ಕೆ ಒಂದೇ ಬೋಟು, ಹನ್ನೊಂದಕ್ಕೆ. ಎರಡು ತಿಂಗಳಿಂದ ಕಚೇರಿಯಲ್ಲಿ ಡಾಲ್ಫಿನ್ ಡಾಲ್ಫಿನ್ ಎಂದು ಎಲ್ಲರ ತಲೆ ತಿಂದಿದ್ದೆ. ಮರುದಿನ ಒಳ್ಳೆ ಸೀಟು ಹಿಡಿಯಲು ಹೆಂಡತಿ ಮುಂಚೆಯೇ ಹೊರಟಳು. ಈಜುಕೊಳದಲ್ಲಿ ಒಂದು ಮುಳುಗು ಹಾಕಿ ಹಿಂದೆಯೇ ಬರುತ್ತೇನೆಂದೆ. ಕೊಳದ ಬಳಿ ಹ್ಯಾಕರುಗಳು ಸುಳಿಯುತ್ತಾರಲ್ಲ, ಅದಕ್ಕೇ ಫೋನು ಆಫ್ ಮಾಡಿ, ಊಟ ಕಟ್ಟುವ ಬೆಳ್ಳಿಹಾಳೆಯಲ್ಲಿ ಸುತ್ತಿ, ಕಪಾಟಿನಲ್ಲಿ ಬಚ್ಚಿಡುತ್ತಿದ್ದೆ. ಬಾಗಿಲಲ್ಲಿ ನಿಂತು ಅವಳು ಏನೋ ಹೇಳಿದಳು. ಮಹತ್ಕಾರ್ಯದ ನಡುವೆ "ಹೂಂ" ಎಂದೆ.

ಮುಳುಗು ಹಾಕಿ ಬಂದು ನೋಡಿದರೆ ಬಾಗಿಲು ತಾನಾಗಿಯೇ ಲಾಕ್ ಆಗಿದೆ! ಕೀ ಒಳಗೆ, ಫೋನು ಒಳಗೆ, ಪ್ಯಾಂಟೂ ಒಳಗೆ! ಹೊರಗೆ ನಾನು, ಒದ್ದೆ ಚಡ್ಡಿ, ಕೈ ಒರೆಸುವ ಅಳತೆಯ ಒಂದು ಟವೆಲ್.

ಕೌಂಟರಿನಲ್ಲಿ ಹಿಂದಿನ ದಿನದವರಿರಲಿಲ್ಲ, ಹೊಸ ಹೆಂಗಸು.

"ನಿಮ್ಮ ಹೆಸರಲ್ಲಿ ಯಾವ ರೂಮೂ ಇಲ್ಲ ಸರ್."

"ನನ್ನ ಹೆಂಡತಿ ಹೆಸರಲ್ಲಿದೆ!"

"ಗುರುತಿನ ಚೀಟಿ ತೋರಿಸ್ತೀರಾ?"

ನಾನು ಟವೆಲ್ಲನ್ನು ನೋಡಿಕೊಂಡೆ. ಆಕೆಯೂ ನೋಡಿದಳು.

"ನಿಮ್ಮ ಮಿಸೆಸ್ ಹೂಂ ಅಂದ್ರೆ ಇನ್ನೊಂದು ಕೀ ಕೊಡ್ತೀನಿ" ಎಂದು ಕೌಂಟರಿನ ಫೋನು ನನ್ನತ್ತ ತಿರುಗಿಸಿದಳು.

ಎರಡು ಸಲ ಹೆಂಡತಿ ಕಟ್ ಮಾಡಿದಳು. ಮೂರನೇ ಸಲ ಎತ್ತಿದಳು.

"ನಾನು ಕಣೇ! ರೂಮಿನ ಹೊರಗೆ ಸಿಕ್ಕಿಹಾಕ್ಕೊಂಡಿದ್ದೀನಿ!"

"ಗುಟ್ಟಿನ ಮಾತು?"

"ತಮಾಷೆ ಸಾಕು, ಬೋಟು ಹೊರಡುತ್ತೆ!"

"ಗುಟ್ಟಿನ ಮಾತು ಹೇಳಿ. ಬೆಳಿಗ್ಗೆ ನಮ್ಮೆಜಮಾನರಿಗೆ ಹೇಳಿದ್ದೀನಿ. ಹೂಂ ಅಂದಿದ್ದಾರೆ."

ಅಯ್ಯೋ, ಆ ಹೂಂ! ಗೋಡೆ ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ಎನ್ನುತ್ತಿತ್ತು. ನನ್ನ ಗತ್ತೆಲ್ಲ ಟವೆಲ್ಲಿನಿಂದ ಸೋರುವ ನೀರಿನ ಜೊತೆ ಇಳಿದುಹೋಯಿತು.

"ನಾನು ಕೇಳಿಸಿಕೊಂಡಿರಲಿಲ್ಲ. ತಪ್ಪಾಯ್ತು ಕಣೇ! ನಂದೇ ತಪ್ಪು! ಇನ್ಮೇಲೆ ನಿನ್ನ ಮಾತು ಕೇಳ್ತೀನಿ!"

"ಥೂ, ಕಳ್ಳ!" ಎಂದು ಫೋನ್ ಇಟ್ಟಳು. ಮತ್ತೆ ಮಾಡಿದರೆ ನಂಬರೇ ಬ್ಲಾಕ್. ಅದನ್ನೂ ಕಲಿಸಿಕೊಟ್ಟವನು ನಾನೇ.

ಬೋಟಿಗೆ ಮೂರು ಕಿಲೋಮೀಟರ್, ನಡುವೆ ಇಡೀ ಪೇಟೆ. ಆ ಟವೆಲ್ಲಿನಲ್ಲಿ ಪೇಟೆ ದಾಟುವ ಧೈರ್ಯ ನನಗಿರಲಿಲ್ಲ. ಬೋಟಿನ ಹಾರ್ನ್ ದೂರದಿಂದ ಕೇಳಿಸಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಕೌಂಟರಿನ ಎದುರಿನ ಬೆಂಚಿನಲ್ಲೇ ಕೂತಿದ್ದೆ. ಮೂರು ಗಂಟೆಗೆ ಹೆಂಡತಿ ಕುಣಿಯುತ್ತಾ ಬಂದಳು. "ಏಳು ಡಾಲ್ಫಿನ್ ರೀ! ನೀವೆಲ್ಲಿ ಹಾಳಾಗಿ ಹೋಗಿದ್ರಿ? ಇದೇನು ವೇಷ?"

"ಸುಮ್ಮನೆ... ಮೈ ಒಣಗಿಸ್ತಿದ್ದೆ."

"ಗೊತ್ತಾ, ನಿಮ್ಮ ಹ್ಯಾಕರ್ ನನಗೇ ಫೋನ್ ಮಾಡಿದ್ದ! ಥೇಟ್ ನಿಮ್ಮದೇ ದನಿ! ಗುಟ್ಟಿನ ಮಾತು ಕೇಳಿದ್ದೇ ತಬ್ಬಿಬ್ಬಾದ."

"ಇವತ್ತಿಂದು ಏನಿತ್ತು?" ಎಂದೆ ಮೆಲ್ಲಗೆ.

"ಬೆಳಿಗ್ಗೆ ಹೇಳ್ಲಿಲ್ವಾ? 'ಹೊರಗೆ ಹೋಗುವಾಗ ಕೀ ಮರೀಬೇಡಿ' ಅಂತ!"

ಕೌಂಟರಿನ ಹೆಂಗಸು ರಿಜಿಸ್ಟರಿನೊಳಗೆ ಮುಖ ಹುದುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

"ಆದ್ರೂ ಒಂದು ಗಳಿಗೆ ನನ್ನ ಮನಸ್ಸು ಕರಗಿತ್ತು ರೀ" ಎಂದಳು ಹೆಂಡತಿ. "ಪಾಪ, ನೀವೇ ಇರಬಹುದೇನೋ ಅಂತ ಇನ್ನೇನು ನಂಬೋದ್ರಲ್ಲಿದ್ದೆ. ಅಷ್ಟರಲ್ಲಿ ಅವನು 'ತಪ್ಪಾಯ್ತು ಕಣೇ' ಅಂದುಬಿಟ್ಟ! ಹದಿನೆಂಟು ವರ್ಷದಲ್ಲಿ ನಿಮ್ಮ ಬಾಯಿಂದ ಆ ಮಾತು ಒಂದ್ಸಲನಾದ್ರೂ ಬಂದಿದೆಯಾ? ಅಲ್ಲೇ ನೋಡಿ, ಕಳ್ಳ ಸಿಕ್ಕಿಬಿದ್ದ!"