ಮೀನಿನ ಮೇಲೆ ಮಲಗಿದ ಕನ್ನಡಿ

"ಇನ್ನು ಈ ಶೆಡ್ಡಿನಲ್ಲಿ ಬೂಷ್ಟು ಇರಬೇಕು, ಇಲ್ಲವೇ ನಾನಿರಬೇಕು!" ಎಂದು ಹೆಂಡತಿಯ ಮುಂದೆ ಘೋಷಿಸಿದೆ.

"ಬೂಷ್ಟೇ ಇರ್ಲಿ ಬಿಡಿ. ಅದು ಬೆಳೆಯೋದಾದ್ರೂ ಕಾಣ್ಸುತ್ತೆ," ಎಂದಳು, ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನನ್ನೂ ತೆಗೆಯದೆ.

ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಒಂದು ಕಡೆ ಅವಳ ಹೊಲಿಗೆ ಯಂತ್ರ, ಇನ್ನೊಂದು ಕಡೆ ನನ್ನ ಕೆಂಪು ಮೀನಿನ ಗಾಜಿನ ತೊಟ್ಟಿ. ತೊಟ್ಟಿಯ ನೀರು ಸದ್ದಿಲ್ಲದೆ ಆವಿಯಾಗಿ, ಗೋಡೆ ಹತ್ತಿ, ಬೂಷ್ಟಾಗಿ ಅರಳುತ್ತಿತ್ತು. ನನಗೆ ಅದರಲ್ಲಿ ಮೋಡಗಳು, ದ್ವೀಪಗಳು, ನಿದ್ದೆಹೋದ ಆನೆಯೊಂದು ಕಾಣುತ್ತಿದ್ದವು. ಅವಳಿಗೆ ಮಾತ್ರ ಗಿರಾಕಿಗಳ ರೇಷ್ಮೆಯ ಮೇಲಿನ ಕಲೆ!

"ಇನ್ನೊಂದು ಬಟ್ಟೆ ಹಾಳಾದ್ರೆ ನಿಮ್ಮ ಮೀನು ಹಲ್ಲಿನ ಡಾಕ್ಟ್ರ ಹತ್ರ ಹೋಗುತ್ತೆ. ಕೇಳಿದ್ದೀನಿ, ಕ್ಲಿನಿಕ್ಕಲ್ಲಿ ಇಟ್ಕೊಳ್ಳೋಕೆ ಒಪ್ಪಿದ್ದಾರೆ."

ಕಂಡವರ ಹಲ್ಲುನೋವಿನ ನರಳಾಟ ಕೇಳುತ್ತಾ ನನ್ನ ಮೀನು ಮುದಿಯಾಗುವುದೇ?

ತೊಟ್ಟಿಗೆ ಮುಚ್ಚಳ ಹಾಕಿದರೆ ಆವಿ ಏಳದು. ಇಷ್ಟು ಬುದ್ಧಿ ನನಗೂ ಇದೆ. ಆದರೆ ಅಷ್ಟುದ್ದದ ಮುಚ್ಚಳ ಎಲ್ಲಿದೆ? ಅವಳು ದಾರ ತರಲು ಹೋದಾಗ, ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಹಳೆಯ ನಿಲುವುಗನ್ನಡಿಯನ್ನು ತೊಟ್ಟಿಯ ಮೇಲೆ ಅಂಗಾತ ಮಲಗಿಸಿದೆ. ಮೀನಿನ ಉಸಿರಿಗೂ ಊಟಕ್ಕೂ ಮೂಲೆಯಲ್ಲಿ ಒಂದು ಸಂದು ಬಿಟ್ಟೆ. ಸೂರಿನ ಬೆಳಕಿಂಡಿಯ ಆಕಾಶ ಮೆಲ್ಲಗೆ ಇಳಿದು ಕನ್ನಡಿಯೊಳಗೆ ಒರಗಿತು.

"ರೀ! ಕನ್ನಡಿ ಎಲ್ಲಿ?"

"ಪಾಪ, ನಿಂತೂ ನಿಂತೂ ಸುಸ್ತಾಗಿತ್ತು. ಮಲಗಿದೆ."

ಜಗಳಕ್ಕೆಂದೇ ಬಗ್ಗಿದಳು. ತನ್ನ ಮುಡಿಯ ಹಿಂದೆ ಮೋಡವೊಂದು ಹಾಯುವುದನ್ನು ಕಂಡು ಬಯ್ಯುವುದನ್ನೇ ಮರೆತಳು!

ಗೋಡೆ ಒಣಗಿತು. ನಾನು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹಿತ್ತಲಲ್ಲಿ ಅಡ್ಡಾಡಿದೆ. ಓಡಿಸಿದ ಥಂಡಿಯಾದರೂ ಎಲ್ಲಿಗೆ ಹೋಗಬೇಕು? ಕನ್ನಡಿಯ ಬೆನ್ನು ಹತ್ತಿತು. ಅಲ್ಲಿನ ಲೇಪ ಕೆಲವೆಡೆ ಕಪ್ಪಾಯಿತು, ಕೆಲವೆಡೆ ಕಳಚಿಯೇ ಹೋಯಿತು.

ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ಹೊಸ ನೀಲಿ ಗೌನು ತೊಟ್ಟು ಕನ್ನಡಿಗೆ ಬಗ್ಗಿದರು.

"ಅಯ್ಯೋ! ನನ್ನ ಕೆನ್ನೆಗೇನಾಯ್ತು?"

"ನಿಮ್ಮ ಕೆನ್ನೆಗೇನೂ ಆಗಿಲ್ಲ ಮೇಡಂ. ಬೂಷ್ಟು ಹಿಡಿದಿರೋದು ನಮ್ಮೆಜಮಾನ್ರ ಬುದ್ಧಿಗೆ," ಎನ್ನುತ್ತಾ ನನ್ನವಳು ಫೋನ್ ಕೈಗೆತ್ತಿಕೊಂಡಳು. "ಡಾಕ್ಟ್ರಿಗೆ ಈಗ್ಲೇ ಹೇಳ್ತೀನಿ, ಬಂದು ಮೀನು ತಗೊಂಡು ಹೋಗ್ಲಿ!"

ನಾನು ತೊಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

"ಒಂದ್ನಿಮಿಷ ತಾಳಿ," ಎಂದರು ಮೇಡಂ, ಗಾಳಿಗೂ ಕೇಳಿಸದಷ್ಟು ಮೆಲ್ಲಗೆ.

ಲೇಪ ಕಳಚಿದ ಕಡೆ ಕನ್ನಡಿ ಬರೀ ಗಾಜಾಗಿತ್ತು. ಅದರೊಳಗಿಂದ ನನ್ನ ಮೀನು ನಿಧಾನವಾಗಿ ತೇಲಿ ಬಂತು. ನೀಲಿ ಗೌನಿನ ಸೊಂಟ ಬಳಸಿ, ಮೋಡವೊಂದನ್ನು ದಾಟಿ, ಬಾಲ ಬೀಸಿ ಮರೆಯಾಯಿತು.

"ನಂಗೆ ಹೀಗೇ ಬೇಕು," ಎಂದರು ಮೇಡಂ. "ಗೌನಿನ ಮೇಲೆ, ಇದೇ ಮೀನು, ಇಲ್ಲೇ ಸೊಂಟದ ಹತ್ರ. ಕಸೂತಿ ಹಾಕ್ಕೊಡ್ತೀರಾ?"

ಫೋನ್ ಕೆಳಗಿಳಿಯಿತು. ಕೆಂಪು ದಾರ ಮೇಲೆ ಬಂತು!

ಆ ಗೌನು ಕಂಡವರೆಲ್ಲ ಮೀನು ಕೇಳಿಕೊಂಡು ಬರತೊಡಗಿದರು. ಅವಳು ತೊಟ್ಟಿಯ ಪಕ್ಕ ಕುಳಿತು ಅದನ್ನೇ ನೋಡುತ್ತಾ ಸೂಜಿ ಆಡಿಸುವಳು. ಅದೂ ಗಾಜಿಗೆ ಮೂತಿಯಿಟ್ಟು, ರೆಕ್ಕೆ ಹರಡಿ, ಅಲುಗದೆ ನಿಲ್ಲುವುದು.

"ಹಾಗಾದ್ರೆ ಮೀನು ಇಲ್ಲೇ ಇರುತ್ತೆ ತಾನೆ?" ಎಂದೆ, ಅಳುಕುತ್ತಾ.

"ಇರ್ದೆ ಮತ್ತೆ? ಎದುರು ಮಾತಾಡಲ್ಲ, ದುಡಿಯುತ್ತೆ." ದಾರವನ್ನು ಹಲ್ಲಿನಲ್ಲಿ ಕಡಿದು, ತಲೆಯೆತ್ತದೆಯೇ ಹೇಳಿದಳು: "ನೀವು ಸ್ವಲ್ಪ ಆಚೆ ನಿಂತ್ಕೊಳ್ರೀ. ಅದರ ಬೆಳಕಿಗೆ ಅಡ್ಡ ಬರ್ತಿದ್ದೀರಿ."