ರಾಜನಿಗೆ ಕುದುರೆಯ ಕಾಲು

೧೯೬೪ ಮೇ ೧೭, ಭಾನುವಾರ, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಕುಂದಾಪುರದ ಚದುರಂಗ ಸ್ಪರ್ಧೆಯ ಕೊನೆಯ ಆಟಕ್ಕೆ ಕುಳಿತೆ. ಗೆಲುವಿನಲ್ಲಿ ಸಂಶಯವೇ ಇರಲಿಲ್ಲ. ಇಂಗ್ಲಿಷ್ ಪುಸ್ತಕದ ಒಂದು ಬಿರುಸಿನ ಆರಂಭವನ್ನು ಇಪ್ಪತ್ತಮೂರು ದಿನ, ದಿನಕ್ಕೆ ಆರು ಸಲ ಅಭ್ಯಾಸ ಮಾಡಿದ್ದೆ. ಒಟ್ಟು ನೂರ ಮೂವತ್ತೆಂಟು ಸಲ!

ಬಹುಮಾನ ತೇಗದ ಚದುರಂಗದ ಹಲಗೆ. ಅದನ್ನು ಅಕ್ಕನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅಡುಗೆಮನೆಯ ನೆಲದಲ್ಲಿ ಇದ್ದಿಲಿನಿಂದ ಮನೆ ಬರೆದು, ಕವಡೆ, ಹುಣಿಸೆಬೀಜ ಇಟ್ಟು ನನಗೆ ಆಟ ಕಲಿಸಿದವಳು ಅವಳೇ. ಒಂಬತ್ತು ದಿನದಲ್ಲಿ ಅವಳ ಮದುವೆ. ಆ ನೆಲವನ್ನು ಗಂಡನ ಮನೆಗೆ, ಕೊಕ್ಕರ್ಣೆಗೆ, ಹೊತ್ತುಕೊಂಡು ಹೋಗಲಾದೀತೇ?

ಹೊರಡುವಾಗ ಅವಳೆಂದಳು: "ಮೊದ್ಲ್ ಎದ್ರಿನ್ ರಾಜಂಗೆ ಒಂದ್ ಶಹಾ ಕೊಡ್ ಮಾಣಿ. ಇಲ್ದಿರೆ ರಾಜ ಹಾರ್ತ."

"ಸುಮ್ನೆ ಚೆಕ್ ಕೊಡೂದ್ ದಡ್ಡರ್ ಕೆಲ್ಸ ಅಂದೇಳಿ ಪುಸ್ತಕದಗೆ ಇತ್ತ್."

"ಆಡೂದ್ ಪುಸ್ತಕವಾ, ನೀನಾ?"

ಎದುರಾಳಿ ಗಂಗೊಳ್ಳಿಯ ಬಲೆ ಹೆಣೆಯುವ ಅಜ್ಜ. ಪುಸ್ತಕದಂತೆ ಒಂದು ಕಾಲಾಳು ಬಲಿ ಕೊಟ್ಟೆ. ಆಮೇಲೆ ಕುದುರೆಯನ್ನೂ ಕೊಟ್ಟೆ.

"ಹ್ವಾಯ್, ಕುದ್ರಿ ಸುಮ್ನೆ ಬಿಟ್ಯಲೆ! ಕಣ್ ಕಾಂತಿಲ್ಯಾ?" ಎಂದ ಅಜ್ಜ.

ನಾನು ಕನಿಕರದಿಂದ ನಕ್ಕೆ. ಮುಂದಿನ ನಡೆಗೆ ಶಹಾಮಾತ್, ಆಟವೇ ಮುಗಿಯಿತು!

ಅಜ್ಜ ರಾಜನನ್ನು ಎತ್ತಿ, ಕುದುರೆಯಂತೆ ಎರಡೂವರೆ ಮನೆ ಹಾರಿಸಿ ಮೂಲೆಯ ಮನೆಯಲ್ಲಿ ಇಟ್ಟ.

"ಇದು ಅನ್ಯಾಯ!" ಎಂದು ಎದ್ದು ನಿಂತೆ. ತೀರ್ಪುಗಾರರು ನಿಯಮದ ಚೀಟಿ ಹುಡುಕಿದರು. ಸಿಗಲಿಲ್ಲ. ಇದ್ದ ಒಂದೇ ನಕಲು ನನ್ನ ದಿನಚರಿಯಲ್ಲಿತ್ತು. ಸಭೆಯ ಮುಂದೆ ನಾನೇ ಓದಬೇಕಾಯಿತು: "ನಿಯಮ ನಾಲ್ಕು. ಒಮ್ಮೆಯೂ ಶಹಾ ಬೀಳದ ರಾಜನು ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು." ದುಂಡಗೆ ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಓದಿ ನೋಡಿರಲಿಲ್ಲ, ಅಷ್ಟೆ!

"ನಮ್ ರಾಜಂಗೆ ಇನ್ನೂ ಕಾಲ್ ಗಟ್ಟಿ ಇತ್ತ್ ಮಾಣಿ" ಎಂದ ಅಜ್ಜ.

೧೦ ಗಂಟೆ ೪ ನಿಮಿಷಕ್ಕೆ ಸೋತೆ. ಹಲಗೆ ಗಂಗೊಳ್ಳಿಯ ದೋಣಿ ಹತ್ತಿತು.

ಮನೆಯಲ್ಲಿ ಅಕ್ಕ ಒಂದೇ ಮಾತು ಕೇಳಿದಳು: "ಶಹಾ ಕೊಟ್ಯಾ?"

ನಾನು ಚಪ್ಪಲಿ ಬಿಡುವುದರಲ್ಲೇ ಮಗ್ನನಾದೆ.

"ಅಡ್ಡಿಲ್ಲೆ, ಉಣ್ಣುಕ್ ಬಾ" ಎಂದಳು. ಆ ವಾರ ಮದುವೆಗೆ ನೆಲ ಸಾರಿಸುವಾಗ ಇದ್ದಿಲಿನ ಅರವತ್ತನಾಲ್ಕು ಮನೆಗಳನ್ನೂ ಅವಳೇ ಒರೆಸಿದಳು.

ಹಾರಿದ ರಾಜನನ್ನು ಮತ್ತೆ ಹಿಡಿಯುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನಮ್ಮ ಮನೆಯಲ್ಲಿ ಒಬ್ಬಳಿಗೆ ಗೊತ್ತಿತ್ತು. ಅದನ್ನು ಕೇಳದೆಯೇ ಅವಳನ್ನು ಕೊಕ್ಕರ್ಣೆಗೆ ಕಳಿಸಿಕೊಟ್ಟೆ.